ಕಣ್ಣು ಕಟ್ಟಿ ಕಟ್ಟುವ ಜೋಡಿ: ಸಮಬಲದ ಯುದ್ಧದಲ್ಲಿ ಗೆಲ್ಲೋದು ಯಾರು?

2011ರಲ್ಲಿ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಓದುತ್ತಿದ್ದೆ ಅನ್ನೋದು ಮನೆಯವರಿಗೆ ಹೇಳಿದ ಮಾತು. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ನ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಆ ವರ್ಷ ಮಾರ್ಚ್‌ನಲ್ಲಿ ಬಂದ ‘ಟೋಟಲ್ ವಾರ್: ಶೋಗನ್ 2’ ಇತ್ತು. ಹದಿನಾರನೇ ಶತಮಾನದ ಜಪಾನ್, ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುವ ಪಾಳೆಯಗಾರರು. ನಕ್ಷೆಯ ಮೇಲೆ ಒಂದೊಂದೇ ಪ್ರಾಂತ್ಯ ಗೆಲ್ಲುತ್ತಾ ಹೋಗಬೇಕು. ಒಂದು ದಂಡಯಾತ್ರೆ, ಗೇಮ್ ಆಡುವವರ ಮಾತಿನಲ್ಲಿ ಕ್ಯಾಂಪೇನ್, ಮುಗಿಯಲು ಹತ್ತಾರು ಗಂಟೆ ಬೇಕು. ಸಾಮಾನ್ಯವಾಗಿ ಎದುರಾಳಿ ಕಂಪ್ಯೂಟರ್. ಆದರೆ ಆಟದಲ್ಲೊಂದು ವಿಚಿತ್ರ ಬಾಗಿಲಿತ್ತು. ನೀವು ಒಪ್ಪಿಗೆ ಕೊಟ್ಟರೆ, ಯುದ್ಧ ಶುರುವಾಗುವಾಗ ಕಂಪ್ಯೂಟರ್‌ನ ಜಾಗಕ್ಕೆ ಜಗತ್ತಿನ ಯಾವುದೋ ಮೂಲೆಯಲ್ಲಿರುವ ಅಪರಿಚಿತನೊಬ್ಬ ಬಂದು ಕೂರಬಹುದು. ಹಿಂದಿನ ವರ್ಷ ಬಂದಿದ್ದ ‘ನೆಪೋಲಿಯನ್: ಟೋಟಲ್ ವಾರ್’ನಲ್ಲಿ ಶುರುವಾದ ವ್ಯವಸ್ಥೆ ಅದು, ‘ಡ್ರಾಪ್-ಇನ್’ ಅಂತ ಹೆಸರು. ಯಾರು ಬರುತ್ತಾರೆ ಅಂತ ಆರಿಸುವ ಹಕ್ಕು ಕರೆದವನಿಗೂ ಇಲ್ಲ, ಬಂದವನಿಗೂ ಇಲ್ಲ.

ನನಗೆ ದಂಡಯಾತ್ರೆ ಮಾಡುವಷ್ಟು ತಾಳ್ಮೆ ಇರಲಿಲ್ಲ. ನಾನು ಬೇರೆಯವರ ಯುದ್ಧಕ್ಕೆ ಹೋಗಿ ಕೂರುತ್ತಿದ್ದೆ. ಒಂದು ರಾತ್ರಿ ನನಗೆ ಸಿಕ್ಕಿದ್ದು ಸೋಲಲೆಂದೇ ಇದ್ದಂಥ ಸೈನ್ಯ. ಆ ಕಡೆ ಅದರ ಮೂರರಷ್ಟು ಜನ. ಗೆಲ್ಲುವ ಮಾತೇ ಇಲ್ಲ ಅಂತ ಗೊತ್ತಾದ ಮೇಲೆ ಕುದುರೆ ಸವಾರರನ್ನೆಲ್ಲ ಒಟ್ಟು ಮಾಡಿ ನೇರವಾಗಿ ಅವನ ದಂಡನಾಯಕನ ಮೇಲೆ ನುಗ್ಗಿಸಿದೆ. ದಂಡನಾಯಕ ಸತ್ತ. ಎರಡು ನಿಮಿಷದಲ್ಲಿ ನನ್ನ ಸೈನ್ಯವೂ ಮುಗಿಯಿತು. ಯುದ್ಧ ಅವನೇ ಗೆದ್ದ. ಆದರೆ ಚಾಟ್‌ನಲ್ಲಿ ಅವನು ಬರೆದದ್ದು ಒಂದೇ ಪದ: ‘ಯಾಕೆ?’

ಪಕ್ಕದಲ್ಲಿದ್ದ ರೂಮ್‌ಮೇಟ್, “ಲೋ, ಅವ್ನು ಎಷ್ಟು ದಿನದಿಂದ ಬೆಳೆಸಿದ್ನೋ ಏನೋ, ಕೊಂದ್ಬಿಟ್ಯಲ್ಲೋ” ಅಂದ. ನಿಜ. ಆ ಆಟದಲ್ಲಿ ದಂಡನಾಯಕ ಯುದ್ಧದಿಂದ ಯುದ್ಧಕ್ಕೆ ಅನುಭವ ಗಳಿಸುತ್ತಾನೆ, ಹೊಸ ಗುಣಗಳನ್ನು ಪಡೆಯುತ್ತಾನೆ. ಸತ್ತರೆ ಹೋದ, ವಾಪಸ್ ಇಲ್ಲ. ನನಗೆ ಅದು ಇಪ್ಪತ್ತು ನಿಮಿಷದ ತಮಾಷೆ. ಅವನಿಗೆ ವಾರದ ಕೆಲಸ. ನಮ್ಮಿಬ್ಬರನ್ನು ಜೋಡಿ ಮಾಡಿದ ಸರ್ವರ್‌ಗೆ ಇದ್ಯಾವುದೂ ಗೊತ್ತಿಲ್ಲ. ಅದು ನೋಡಿದ್ದು ಇಷ್ಟೇ: ಇಬ್ಬರು ಮನುಷ್ಯರು, ಒಂದೇ ಹೊತ್ತಿನಲ್ಲಿ ಯುದ್ಧಕ್ಕೆ ಸಿದ್ಧ.

ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ತೂಕ, ಮೈಕಟ್ಟು, ಅನುಭವ ನೋಡಿ ಹಿರಿಯರು ಯಾರಿಗೆ ಯಾರು ಅಂತ ತೀರ್ಮಾನ ಮಾಡುತ್ತಾರೆ. ಮ್ಯಾಚ್‌ಮೇಕಿಂಗ್ ಅನ್ನೋದಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದ ನನಗೆ ಕಂಡಿಲ್ಲ, ಹಾಗಾಗಿ ಇಲ್ಲಿ ಅದನ್ನೇ ಬಳಸುತ್ತೇನೆ. ವ್ಯತ್ಯಾಸ ಒಂದೇ. ಕುಸ್ತಿಯಲ್ಲಿ ಜೋಡಿ ಕಟ್ಟುವವರಿಗೂ ಕಣ್ಣಿದೆ, ಪೈಲ್ವಾನರಿಗೂ ಕಣ್ಣಿದೆ. ಇವನ ಜೊತೆ ಆಗಲ್ಲ ಅಂತ ಪೈಲ್ವಾನ ಹೇಳಬಹುದು. ಆನ್‌ಲೈನ್ ಯುದ್ಧದಾಟದಲ್ಲಿ ಆಟಗಾರರ ಕಣ್ಣು ಕಟ್ಟಿರುತ್ತಾರೆ. ಎದುರಾಳಿಯ ಹೆಸರು, ಅಂಕ, ದರ್ಜೆ ಯಾವುದೂ ಕಾಣದು, ಅಥವಾ ಒಪ್ಪಿಕೊಂಡ ಮೇಲಷ್ಟೇ ಕಾಣುತ್ತದೆ. ನೋಡುವುದು ಯಂತ್ರ ಮಾತ್ರ, ಅದೂ ತನಗೆ ಹೇಳಿಕೊಟ್ಟದ್ದನ್ನು ಮಾತ್ರ.

ಕಣ್ಣು ಯಾಕೆ ಕಟ್ಟಬೇಕು? ಕಾರಣ ಸರಳ: ಕಣ್ಣು ಬಿಟ್ಟರೆ ಜನ ಓಡಿಹೋಗುತ್ತಾರೆ. 1990ರ ದಶಕದ ನಡುವಿನಲ್ಲಿ ‘ವಾರ್‌ಕ್ರಾಫ್ಟ್ 2’ ಆಡುತ್ತಿದ್ದ ಇಬ್ಬರು ಎಷ್ಟು ಪ್ರಸಿದ್ಧರಾಗಿದ್ದರೆಂದರೆ, ಅವರ ಹೆಸರು ಕಂಡ ತಕ್ಷಣ ಎದುರಾಳಿಗಳು ಜಾಗ ಖಾಲಿ ಮಾಡುತ್ತಿದ್ದರು. ಆಡಲು ಯಾರೂ ಸಿಗದೆ ಅವರು ಸ್ಮರ್ಫ್ ಎಂಬ ನೀಲಿ ಕಾರ್ಟೂನ್ ಗೊಂಬೆಗಳ ಹೆಸರಿಟ್ಟುಕೊಂಡು, ಹೊಸಬರ ಹಾಗೆ ನಟಿಸಿ ಆಡತೊಡಗಿದರು. ಇವತ್ತಿಗೂ ನುರಿತವನು ಸುಳ್ಳು ಖಾತೆ ತೆರೆದು ಹೊಸಬರ ನಡುವೆ ನುಸುಳಿದರೆ ಅದಕ್ಕೆ ‘ಸ್ಮರ್ಫಿಂಗ್’ ಅಂತಲೇ ಹೆಸರು. ಬರೀ ಹೆಸರಲ್ಲ, ಭೂಮಿ ಕಂಡರೂ ಓಡುತ್ತಾರೆ. ‘ಏಜ್ ಆಫ್ ಎಂಪೈರ್ಸ್ 2’ರ 2019ರ ಆವೃತ್ತಿಯಲ್ಲಿ, ಬಂದ ನಕ್ಷೆ ಇಷ್ಟವಾಗದಿದ್ದರೆ ಕೀಬೋರ್ಡ್‌ನಲ್ಲಿ ಎರಡು ಕೀ ಒತ್ತಿ ಆಟವನ್ನೇ ಮುಚ್ಚಿ ಎದ್ದುಹೋಗುವ ಚಾಳಿ ಎಷ್ಟು ಬೆಳೆಯಿತೆಂದರೆ, ಹಾಗೆ ಓಡಿದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಶಿಕ್ಷೆ ತರಬೇಕಾಯಿತು.

ದಂಡಯಾತ್ರೆ ಇರುವ ಕಡೆ ಇನ್ನೂ ದೊಡ್ಡ ಅಪಾಯವಿದೆ. ಎದುರಾಳಿಯನ್ನು ಆರಿಸಿಕೊಳ್ಳಲು ಬಿಟ್ಟರೆ ಇಬ್ಬರು ಗೆಳೆಯರು ಒಪ್ಪಂದ ಮಾಡಿಕೊಳ್ಳಬಹುದು: ಇವತ್ತು ನೀನು ಸೋಲು, ನಾಳೆ ನಾನು ಸೋಲ್ತೀನಿ. ಇಬ್ಬರಿಗೂ ಪ್ರಾಂತ್ಯ, ಇಬ್ಬರ ಸೈನ್ಯಕ್ಕೂ ಅನುಭವ. ಬರೀ ಒಂದು ಪಂದ್ಯವಾದರೆ ಇದರಿಂದ ಯಾರಿಗೂ ನಷ್ಟವಿಲ್ಲ. ಗೆಲುವು ಕೂಡಿಡುವ ಆಟದಲ್ಲಿ ಇದು ಕಳ್ಳನೋಟು ಅಚ್ಚುಹಾಕಿದ ಹಾಗೆ. ಕುರುಡು ಜೋಡಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಪೂರ್ತಿ ತಡೆಯಲ್ಲ; ಬೆಳಗಿನ ಜಾವ ನಾಲ್ಕಕ್ಕೆ ಸಾಲಿನಲ್ಲಿ ಇರುವುದೇ ನಾಲ್ಕು ಜನ ಅಂದಾಗ ಗೆಳೆಯರು ಗೆಳೆಯರಿಗೇ ಸಿಗುತ್ತಾರೆ.

ಯಂತ್ರ ಏನನ್ನು ನೋಡುತ್ತದೆ ಅನ್ನೋದಕ್ಕೆ ಬರೋಣ. ಇದರ ಬೇರು ಚೆಸ್‌ನಲ್ಲಿದೆ. ವಿಶ್ವನಾಥನ್ ಆನಂದ್ 2006ರಲ್ಲಿ 2800 ದಾಟಿದರು ಅಂತ ಓದಿರುತ್ತೀರಿ. ಆ ಸಂಖ್ಯೆ ಈಲೊ ರೇಟಿಂಗ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಈಲೊ ರೂಪಿಸಿದ ಲೆಕ್ಕ. ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಇದರ ತಿರುಳು ಏನೆಂದರೆ, ಸಂಖ್ಯೆಗೆ ತನ್ನಷ್ಟಕ್ಕೇ ಅರ್ಥವಿಲ್ಲ, ಇಬ್ಬರ ನಡುವಿನ ಅಂತರಕ್ಕೆ ಮಾತ್ರ ಅರ್ಥ. ಅಂತರ ಸೊನ್ನೆಯಾದರೆ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. 100 ಅಂಕ ಹೆಚ್ಚಿದ್ದವನು ನೂರಕ್ಕೆ 64 ಸಲ, 200 ಹೆಚ್ಚಿದ್ದವನು 76 ಸಲ, 400 ಹೆಚ್ಚಿದ್ದವನು 91 ಸಲ ಗೆಲ್ಲಬೇಕು. ನಿರೀಕ್ಷೆಗಿಂತ ಹೆಚ್ಚು ಗೆದ್ದರೆ ಅಂಕ ಏರುತ್ತದೆ, ಕಡಿಮೆ ಗೆದ್ದರೆ ಇಳಿಯುತ್ತದೆ. ಅಷ್ಟೇ.

ಈಲೊ ಲೆಕ್ಕಕ್ಕೆ ಒಂದು ದೌರ್ಬಲ್ಯವಿದೆ. ಹತ್ತು ವರ್ಷದಿಂದ ಆಡುತ್ತಿರುವವನ 1000ಕ್ಕೂ, ಇವತ್ತು ಬೆಳಿಗ್ಗೆ ಖಾತೆ ತೆರೆದವನ 1000ಕ್ಕೂ ಅದಕ್ಕೆ ವ್ಯತ್ಯಾಸ ಕಾಣದು. 1995ರಲ್ಲಿ ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಗ್ಲಿಕೊ ಪದ್ಧತಿ ಅಂಕದ ಜೊತೆ ಅನುಮಾನವನ್ನೂ ಬರೆದಿಡುತ್ತದೆ: ಇವನು 1500 ಅಂತ ಕಾಣ್ತಾನೆ, ಆದರೆ ನನಗೆ ಖಾತ್ರಿಯಿಲ್ಲ, ಅಂತ. ಮೈಕ್ರೋಸಾಫ್ಟ್‌ನ ಕೇಂಬ್ರಿಜ್ ಸಂಶೋಧನಾಲಯ ಎಕ್ಸ್‌ಬಾಕ್ಸ್‌ಗಾಗಿ ಮಾಡಿದ ‘ಟ್ರೂಸ್ಕಿಲ್’ ಇದನ್ನು ತಂಡಗಳಿಗೂ ವಿಸ್ತರಿಸಿತು. ಅದರಲ್ಲಿ ಹೊಸಬನ ಅಂದಾಜು 25ರಿಂದ ಶುರು, ಆದರೆ ಅನುಮಾನ ಎಷ್ಟು ದೊಡ್ಡದೆಂದರೆ ಅದರ ಮೂರರಷ್ಟನ್ನು ಕಳೆದರೆ ಉಳಿಯುವುದು ಸೊನ್ನೆ. ನಿನ್ನನ್ನು ಸದ್ಯಕ್ಕೆ ಸೊನ್ನೆ ಅಂತಲೇ ತೋರಿಸ್ತೀನಿ, ಸಾಬೀತು ಮಾಡು ಅನ್ನುವ ಧೋರಣೆ. ಟ್ರೂಸ್ಕಿಲ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಬೇರೆ: ಒಳ್ಳೆಯ ಜೋಡಿ ಯಾವುದು ಎಂಬುದಕ್ಕೆ ಅದು ಕೊಡುವ ಉತ್ತರ. ಯಾವ ಜೋಡಿಯ ಪಂದ್ಯ ಡ್ರಾ ಆಗುವ ಸಾಧ್ಯತೆ ಅತಿ ಹೆಚ್ಚೋ ಅದೇ ಅತ್ಯುತ್ತಮ ಜೋಡಿ.

ಇದನ್ನು ಸ್ವಲ್ಪ ಯೋಚಿಸಿ. ಯಂತ್ರದ ಕಣ್ಣಲ್ಲಿ ಆದರ್ಶ ಯುದ್ಧವೆಂದರೆ ಯಾರೂ ಗೆಲ್ಲದ ಯುದ್ಧ. ನೀವು ಎಷ್ಟು ಚೆನ್ನಾಗಿ ಆಡಿದರೂ ಯಂತ್ರ ಅಷ್ಟೇ ಚೆನ್ನಾಗಿ ಆಡುವವನನ್ನು ಹುಡುಕಿ ತರುತ್ತದೆ. ಅದು ತನ್ನ ಕೆಲಸ ಸರಿಯಾಗಿ ಮಾಡಿದರೆ ಜೀವನಪೂರ್ತಿ ಅರ್ಧ ಗೆಲ್ಲುತ್ತೀರಿ, ಅರ್ಧ ಸೋಲುತ್ತೀರಿ. ಸೋಲುಗಳು ಒಂದು ಬಿಟ್ಟು ಒಂದು ಬರುವುದೂ ಇಲ್ಲ. ನಾಣ್ಯ ಚಿಮ್ಮಿದ ಹಾಗೆ ಗುಂಪು ಗುಂಪಾಗಿ ಬರುತ್ತವೆ. ಅರ್ಧಕ್ಕರ್ಧ ಸಾಧ್ಯತೆಯ 100 ಯುದ್ಧ ಆಡಿದವನಿಗೆ, ಅದರಲ್ಲೆಲ್ಲೋ ಒಂದು ಕಡೆ ಸಾಲಾಗಿ ಐದು ಸೋಲು ಸಿಗುವ ಸಾಧ್ಯತೆ ನೂರಕ್ಕೆ 81. ಬರೀ 20 ಯುದ್ಧದಲ್ಲೇ ನಾಲ್ವರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ಐದನೇ ಸೋಲಿನ ರಾತ್ರಿ ‘ಈ ಆಟ ಬೇಕಂತಲೇ ನನ್ನ ಸೋಲಿಸ್ತಿದೆ’ ಅಂತ ನಾನೂ ಬೈದಿದ್ದೇನೆ. ಸಂಭವನೀಯತೆಯ ಪರೀಕ್ಷೆಯಲ್ಲಿ ಪಾಸಾದವನು ನಾನು. ಆದರೂ ಬೈದೆ.

ಇಷ್ಟೂ ಲೆಕ್ಕ ನಡೆಯುವುದು ಸಾಲಿನಲ್ಲಿ ಸಾಕಷ್ಟು ಜನ ಇದ್ದಾಗ. ಯುದ್ಧದಾಟಗಳ ನಿಜವಾದ ಬಡತನ ಇರುವುದು ಅಲ್ಲೇ. ಒಂದು ಲೆಕ್ಕ ಹಾಕಿ ನೋಡೋಣ. ಯಾವುದೇ ಹೊತ್ತಿನಲ್ಲಿ 300 ಜನ ಆಡುತ್ತಿದ್ದಾರೆ, ಒಂದು ಯುದ್ಧಕ್ಕೆ ಅರ್ಧ ಗಂಟೆ, ಮುಗಿಸಿದವರೆಲ್ಲ ಮತ್ತೆ ಸಾಲಿಗೆ ಬರುತ್ತಾರೆ ಅಂದುಕೊಳ್ಳಿ. ಹಾಗಾದರೆ ನಿಮಿಷಕ್ಕೆ 10 ಜನ ಬಂದರು. ಕೌಶಲದ ಮೇಲೆ ಹತ್ತು ದರ್ಜೆ ಮಾಡಿದರೆ ನಿಮ್ಮ ದರ್ಜೆಗೆ ನಿಮಿಷಕ್ಕೆ ಒಬ್ಬ. ಇಂಟರ್ನೆಟ್ ದೂರ ನೋಡಿ ಮೂರು ಖಂಡಕ್ಕೆ ಹಂಚಿದರೆ ಮೂರು ನಿಮಿಷಕ್ಕೆ ಒಬ್ಬ. ಸಣ್ಣ, ಮಧ್ಯಮ, ದೊಡ್ಡ ಸೈನ್ಯ ಅಂತ ಮತ್ತೆ ಮೂರು ಭಾಗ ಮಾಡಿದರೆ ಒಂಬತ್ತು ನಿಮಿಷಕ್ಕೆ ಒಬ್ಬ. ಕೇಳಿದ ಮೂರೂ ನ್ಯಾಯವಾದ ಬೇಡಿಕೆಗಳೇ, ಆದರೆ ಅಷ್ಟರಲ್ಲಿ ಆಡಲು ಕೂತವನು ಎದ್ದು ಹೋಗಿರುತ್ತಾನೆ. ಹಾಗಾಗಿ ಎಲ್ಲ ಜೋಡಿ ಕಟ್ಟುವ ವ್ಯವಸ್ಥೆಗಳೂ ಹೆಚ್ಚುಕಡಿಮೆ ಒಂದೇ ಉಪಾಯ ಮಾಡುತ್ತವೆ: ಮೊದಲು ಹತ್ತಿರದ ಅಂಕದವರನ್ನು ಹುಡುಕು, ಸಿಗದಿದ್ದರೆ ಹೊತ್ತು ಕಳೆದಂತೆ ಬಲೆಯನ್ನು ಅಗಲ ಮಾಡು. ಎರಡು ನಿಮಿಷ ಕಾದವನಿಗೆ ಸಮಬಲ ಸಿಗಬಹುದು. ಹತ್ತು ನಿಮಿಷ ಕಾದವನಿಗೆ ಯಾರು ಸಿಕ್ಕರೆ ಅವರು.

ದೂರವನ್ನು ಯಾಕೆ ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂದರೆ, 1997ರ ಮೊದಲ ‘ಏಜ್ ಆಫ್ ಎಂಪೈರ್ಸ್’ ಕಾಲದಿಂದ ಇಂಥ ಆಟಗಳಲ್ಲಿ ಬೇರೂರಿದ ಒಂದು ವಿಧಾನ ಕಾರಣ. ಸಾವಿರಾರು ಸೈನಿಕರ ಜಾಗವನ್ನು ಕ್ಷಣಕ್ಷಣವೂ ತಂತಿಯಲ್ಲಿ ಕಳಿಸಲಾಗದು. ಅದಕ್ಕೆ ಇಬ್ಬರ ಕಂಪ್ಯೂಟರೂ ಪೂರ್ತಿ ಯುದ್ಧವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತವೆ. ಕಳಿಸಿಕೊಳ್ಳುವುದು ಆಜ್ಞೆಗಳನ್ನು ಮಾತ್ರ. ‘ಈ ಬಿಲ್ಲುಗಾರರು ಆ ಗುಡ್ಡಕ್ಕೆ ಹೋಗಲಿ’ ಎಂಬ ಆಜ್ಞೆ ಎರಡೂ ಕಡೆ ಒಂದೇ ಗಳಿಗೆಯಲ್ಲಿ ಜಾರಿಯಾಗಬೇಕು, ಅದಕ್ಕಾಗಿ ಸ್ವಲ್ಪ ತಡ ಮಾಡುತ್ತಾರೆ. ಕಾಲು ಸೆಕೆಂಡ್ ತಡವಾದರೂ ಆಟಗಾರರಿಗೆ ಗೊತ್ತಾಗುವುದಿಲ್ಲ ಅಂತ ಅದನ್ನು ಕಟ್ಟಿದವರೇ ಆಮೇಲೆ ಬರೆದಿದ್ದಾರೆ. ಆದರೆ ಎಲ್ಲರೂ ಅತಿ ನಿಧಾನ ಇರುವವನಿಗಾಗಿ ಕಾಯಬೇಕು. ಹಾಸ್ಟೆಲ್ ವೈಫೈನವನ ಜೊತೆ ಜೋಡಿಯಾದವನಿಗೆ ತನ್ನ ತಪ್ಪಿಲ್ಲದೆ ಹಾಸ್ಟೆಲ್ ವೈಫೈ.

ಇಲ್ಲಿಯವರೆಗೆ ಹೇಳಿದ್ದು ಯಾವ ಆನ್‌ಲೈನ್ ಆಟಕ್ಕೂ ಹೊಂದುವ ಮಾತು. ದಂಡಯಾತ್ರೆ ಬಂದಾಗ ಎಲ್ಲ ಗೋಜಲಾಗುತ್ತದೆ. ಚೆಸ್‌ನಲ್ಲಿ ನಿನ್ನೆಯ ಪಂದ್ಯದಲ್ಲಿ ಗೆದ್ದ ಆನೆಯನ್ನು ಇವತ್ತಿನ ಪಂದ್ಯಕ್ಕೆ ತರಲಾಗದು. ದಂಡಯಾತ್ರೆಯ ಗಮ್ಮತ್ತೇ ಅದು: ತರಬಹುದು. ಶೋಗನ್ 2ರಲ್ಲೇ ‘ಅವತಾರ್ ಕಾಂಕ್ವೆಸ್ಟ್’ ಎಂಬ ಆನ್‌ಲೈನ್ ದಂಡಯಾತ್ರೆ ಇತ್ತು. (ನಮ್ಮ ‘ಅವತಾರ’ ಇಂಗ್ಲೆಂಡಿನ ಕಂಪನಿಯೊಂದು ಮಾಡಿದ ಜಪಾನಿನ ಆಟದ ಮೂಲಕ ಹಾಸ್ಟೆಲ್‌ಗೆ ವಾಪಸ್ ಬಂದದ್ದು ಆಗ ನಮಗೆ ದೊಡ್ಡ ಜೋಕು.) ನಿಮ್ಮದೇ ದಂಡನಾಯಕನನ್ನು ರೂಪಿಸಿ ಜಪಾನಿನ ನಕ್ಷೆಯ ಮೇಲೆ ನಿಲ್ಲಿಸಬೇಕು. ಪಕ್ಕದ ಪ್ರಾಂತ್ಯ ಆರಿಸಿದರೆ ಸರ್ವರ್ ಎದುರಾಳಿಯನ್ನು ಹುಡುಕುತ್ತದೆ. ಗೆದ್ದರೆ ಪ್ರಾಂತ್ಯ ನಿಮ್ಮದು. ಜೊತೆಗೆ ಹೊಸ ಬಗೆಯ ಸೈನಿಕರು, ಅನುಚರರು. ಉಳಿದ ತುಕಡಿಗಳು ಪಳಗುತ್ತಾ ಹೋಗುತ್ತವೆ. ಕ್ಲ್ಯಾನ್ ಸೇರಿದ್ದರೆ ನಿಮ್ಮ ಗೆಲುವು ಕ್ಲ್ಯಾನ್ ಲೆಕ್ಕಕ್ಕೂ ಸೇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಇಬ್ಬರು ಆಟಗಾರರನ್ನು ಊಹಿಸಿಕೊಳ್ಳಿ. ಒಬ್ಬಳು ನಿಜವಾಗಿ 1200ರ ಮಟ್ಟದ ಆಟಗಾರ್ತಿ, ಸೈನ್ಯ ಮಾತ್ರ ಹೊಸದು. ಇನ್ನೊಬ್ಬ 1000ದ ಮಟ್ಟದವನು, ಆದರೆ ವರ್ಷದಿಂದ ಪಳಗಿಸಿದ ಸೈನ್ಯವಿದೆ, ಅದರ ಬಲ ಇನ್ನೂ 200 ಅಂಕಕ್ಕೆ ಸಮ. ಅವನ ಗೆಲುವುಗಳನ್ನು ಎಣಿಸಿದ ಯಂತ್ರ ಅವನನ್ನೂ 1200 ಅಂತಲೇ ಬರೆದುಕೊಂಡಿರುತ್ತದೆ. ಯಾಕೆಂದರೆ ಅದು ಎಣಿಸುವುದು ಗೆಲುವನ್ನು. ಗೆಲುವು ಕೈಯಿಂದ ಬಂತೋ ಕತ್ತಿಯಿಂದ ಬಂತೋ ಅದಕ್ಕೆ ಬೇಕಿಲ್ಲ. ಇಬ್ಬರನ್ನೂ ಜೋಡಿ ಕಟ್ಟುತ್ತದೆ. ಸಾಧ್ಯತೆ ಅರ್ಧಕ್ಕರ್ಧ, ಲೆಕ್ಕ ಪಕ್ಕಾ. ಆದರೆ ಯುದ್ಧ ಮುಗಿದಾಗ ಇಬ್ಬರಿಗೂ ಮೋಸ ಹೋದ ಭಾವ. ಸೋತರೆ ಅವಳು ಅನ್ನುತ್ತಾಳೆ: ಇಂಥ ಸೈನ್ಯ ಇಟ್ಟುಕೊಂಡು ಯಾರು ಬೇಕಾದ್ರೂ ಗೆಲ್ತಾರೆ. ಸೋತರೆ ಅವನು ಅನ್ನುತ್ತಾನೆ: ಇಷ್ಟು ದಿನ ಬೆವರು ಹರಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ, ನನಗಿಂತ ಚತುರ ಎದುರಾಳಿಯಾ? ಇಬ್ಬರೂ ಹೇಳುತ್ತಿರುವುದು ಸತ್ಯ. ಪಳಗಿದ ಸೈನ್ಯ ಕೊಟ್ಟ ಅನುಕೂಲವನ್ನು ಯಂತ್ರ ಇನ್ನೊಂದು ಕೈಯಿಂದ ಕಿತ್ತುಕೊಂಡಿದೆ.

ಸೈನ್ಯದ ಬಲವನ್ನು ಬೇರೆಯಾಗಿ ಅಳೆದು ಕಳೆಯಬಹುದಲ್ಲ ಅಂತ ಕೇಳಬಹುದು. ಕಳೆಯಬಹುದು. ಕಳೆದು, ದುರ್ಬಲನಿಗೆ ಹೆಚ್ಚು ಸೈನಿಕರನ್ನು ಕೊಟ್ಟು ಸರಿದೂಗಿಸಬಹುದು. ಆದರೆ ಆಗ ಸೈನ್ಯ ಪಳಗಿಸುವುದಕ್ಕೆ ಏನರ್ಥ ಉಳಿಯಿತು?

ಇದಕ್ಕಿಂತ ದೊಡ್ಡ ಪ್ರಶ್ನೆ ನಕ್ಷೆಯದ್ದು. ನನಗೆ ಇದು ಹೊಳೆದದ್ದು ತಡವಾಗಿ, ಪತ್ರಿಕೋದ್ಯಮಕ್ಕೆ ಬಂದ ಮೇಲೆ, ಚುನಾವಣಾ ಅಂಕಿಅಂಶಗಳ ಜೊತೆ ಒದ್ದಾಡುವಾಗ. ಎರಡು ಕ್ಲ್ಯಾನ್‌ಗಳು ಒಂದು ಪ್ರಾಂತ್ಯಕ್ಕಾಗಿ ಕಾದಾಡುತ್ತಿವೆ, ಹೆಚ್ಚು ಗೆಲುವು ತಂದವರಿಗೆ ಪ್ರಾಂತ್ಯ ಅಂದುಕೊಳ್ಳಿ. ಜೋಡಿ ಕಟ್ಟುವ ಯಂತ್ರ ಎಷ್ಟು ಚೆನ್ನಾಗಿದೆ ಅಂದರೆ ಎಲ್ಲರ ಎಲ್ಲ ಯುದ್ಧವೂ ಸಮಬಲದ್ದು. ಒಂದು ಕ್ಲ್ಯಾನ್‌ನ ಸದಸ್ಯರು ವಾರದಲ್ಲಿ 40 ಯುದ್ಧ ಮಾಡಿದರು. ಸುಮಾರು 20 ಗೆದ್ದರು. ಇನ್ನೊಂದು ಕ್ಲ್ಯಾನ್ 20 ಯುದ್ಧ ಮಾಡಿತು. ಸುಮಾರು 10 ಗೆದ್ದಿತು. ಪ್ರಾಂತ್ಯ ಮೊದಲನೆಯವರದು. ಎರಡನೇ ಕ್ಲ್ಯಾನ್‌ನಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರರೇ ಇದ್ದಿರಬಹುದು. ಅವರಿಗೆ ಸಿಗುವ ಎದುರಾಳಿಗಳೂ ಜಗತ್ತಿನ ಅತ್ಯುತ್ತಮರೇ ಆದ್ದರಿಂದ ಅವರ ಕೌಶಲ ನಕ್ಷೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಒಂದೊಂದು ಯುದ್ಧವೂ ನ್ಯಾಯವಾಗಿದ್ದಷ್ಟೂ ಒಟ್ಟು ಮಹಾಯುದ್ಧವನ್ನು ತೀರ್ಮಾನಿಸುವುದು ಹಾಜರಾತಿ. ಯಾರ ಬಳಿ ಹೊತ್ತು ಇದೆಯೋ ಅವರ ಸಾಮ್ರಾಜ್ಯ.

ಹಾಸ್ಟೆಲ್‌ನಲ್ಲಿದ್ದಾಗ ಈ ಪದ್ಧತಿ ನನಗೆ ಬಹಳ ನ್ಯಾಯವಾಗಿ ಕಂಡಿತ್ತು, ಯಾಕೆಂದರೆ ಹೊತ್ತು ನನ್ನ ಬಳಿ ಇತ್ತು. ಈಗ ರಾತ್ರಿ ಹನ್ನೊಂದಕ್ಕೆ ಕಾಪಿ ಕಳಿಸಿ, ಒಂದೇ ಒಂದು ಯುದ್ಧಕ್ಕೆ ಕೂರುವವನಾಗಿ ನೋಡಿದರೆ ಬೇರೆ ಥರ ಕಾಣುತ್ತದೆ. ಆಟಗಾರರು ಹೆಚ್ಚು ಹೊತ್ತು ಕೂರಬೇಕು ಅಂತ ಬಯಸುವ ಕಂಪನಿಗಳಿಗೆ ಮಾತ್ರ ಈ ಪರಿಣಾಮದಿಂದ ನಷ್ಟವೇನಿಲ್ಲ.

ಹಾಗಾದರೆ ಜೋಡಿ ಕಟ್ಟುವುದನ್ನೇ ಬಿಟ್ಟು, ಬಂದವರನ್ನು ಬಂದ ಹಾಗೆ ಕಾದಾಡಲು ಬಿಡಬೇಕೇ? ಆಗ ಕೌಶಲ ನಕ್ಷೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಕಾಣದೆ ಹೋಗುವವರು ಹೊಸಬರು. ಜೋಡಿ ಕಟ್ಟುವಾಗಲೂ ಅವರ ಪಾಡು ಅಷ್ಟಕ್ಕಷ್ಟೇ. ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿಯಲ್ಲಿ ಹೊಸಬನಿಗೆ ಮೊದಲ ದಿನ ಸಿಗುವ ಅಂಕ 1000. ಅಲ್ಲಿ 1000 ಅಂದರೆ ಕೆಲವು ನೂರು ಪಂದ್ಯ ಆಡಿ ಪಳಗಿದವರೂ ಇರುವ ಮಟ್ಟ. ನಿಜವಾದ ಮಟ್ಟ 700 ಇರುವ ಹೊಸಬನನ್ನು ಊಹಿಸಿ. ಚೆಸ್‌ನಲ್ಲಿ ಬಹುಕಾಲ ಬಳಕೆಯಲ್ಲಿರುವ ಲೆಕ್ಕದಂತೆ ಸಮಬಲದ ಒಂದು ಸೋಲಿಗೆ 16 ಅಂಕ ಇಳಿಯುತ್ತದೆ ಅಂದುಕೊಂಡರೆ, 300 ಅಂಕ ಇಳಿಯಲು ಗೆಲುವಿಗಿಂತ ಸುಮಾರು 19 ಸೋಲು ಹೆಚ್ಚು ಬೇಕು. ಯಂತ್ರ ಇವನನ್ನು ಅರಿತುಕೊಳ್ಳುವುದಕ್ಕೆ ಇವನು ಹತ್ತೊಂಬತ್ತು ಸಲ ಒದೆ ತಿನ್ನಬೇಕು. ಆರನೆಯದಕ್ಕೇ ಎದ್ದು ಹೋಗುತ್ತಾನೆ. ಅನುಮಾನವನ್ನೂ ಲೆಕ್ಕ ಹಾಕುವ ಗ್ಲಿಕೊ, ಟ್ರೂಸ್ಕಿಲ್ ಇಲ್ಲಿ ಬೇಗ ಕಲಿಯುತ್ತವೆ, ಕೆಲವು ಪಂದ್ಯ ಉಳಿಸುತ್ತವೆ. ಆದರೆ ಮೊದಲ ಸೋಲುಗಳನ್ನು ಯಾರೋ ಒಬ್ಬರು ಭರಿಸಲೇಬೇಕು, ಅದು ಯಾವಾಗಲೂ ಹೊಸಬನ ತಲೆಗೆ. ಅವನು ಹೋದರೆ ಸಾಲು ಸಣ್ಣದಾಗುತ್ತದೆ, ಬಲೆ ಅಗಲವಾಗುತ್ತದೆ, ಮುಂದಿನ ಹೊಸಬನಿಗೆ ಇನ್ನೂ ಗಟ್ಟಿ ಎದುರಾಳಿ ಸಿಗುತ್ತಾನೆ. ಸಣ್ಣ ಯುದ್ಧದಾಟಗಳ ಆನ್‌ಲೈನ್ ದಂಡಯಾತ್ರೆಗಳು ಹೀಗೇ ಒಣಗಿಹೋಗುತ್ತವೆ. 2013ರಲ್ಲಿ ‘ರೋಮ್ 2’ ಬಂದಾಗ ಅವತಾರ್ ಕಾಂಕ್ವೆಸ್ಟ್ ಅದರಲ್ಲಿ ಇರಲಿಲ್ಲ.

ಯಂತ್ರದ ಮೇಲಿನ ಗುಮಾನಿ ಪೂರ್ತಿ ಆಧಾರವಿಲ್ಲದ್ದಲ್ಲ ಅಂತಲೂ ಹೇಳಬೇಕು. 2017ರಲ್ಲಿ ಇಎ ಕಂಪನಿಯ ಸಂಶೋಧಕರೂ ಸೇರಿ ಪ್ರಕಟಿಸಿದ ಪ್ರಬಂಧವೊಂದು, ಸಮಬಲದ ಜೋಡಿಯೇ ಒಳ್ಳೆಯ ಜೋಡಿ ಎಂಬ ನಂಬಿಕೆಯನ್ನೇ ಪ್ರಶ್ನಿಸಿತು. ಆಟಗಾರ ಎದ್ದು ಹೋಗುತ್ತಾನೋ ಇಲ್ಲವೋ ಅನ್ನೋದು ಅವನ ಇತ್ತೀಚಿನ ಸೋಲುಗೆಲುವಿನ ಸರಣಿಯ ಮೇಲೆ ನಿಂತಿದೆ. ಹಾಗಾಗಿ ಸಾಲಿನಲ್ಲಿರುವ ಎಲ್ಲರನ್ನೂ ಒಟ್ಟಿಗೆ ನೋಡಿ, ಆಟ ಬಿಟ್ಟು ಹೋಗುವವರ ನಿರೀಕ್ಷಿತ ಸಂಖ್ಯೆ ಅತಿ ಕಡಿಮೆಯಾಗುವಂತೆ ಜೋಡಿ ಕಟ್ಟಿ ಅನ್ನುವುದು ಅದರ ಸಲಹೆ. ಅದೇ ವರ್ಷ ಆಕ್ಟಿವಿಷನ್ ಕಂಪನಿಗೆ ಸಿಕ್ಕ ಪೇಟೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ: ಆಟದೊಳಗಿನ ವಸ್ತುಗಳನ್ನು ಕೊಳ್ಳಲು ಪ್ರಚೋದನೆಯಾಗುವ ಹಾಗೆ ಜೋಡಿ ಕಟ್ಟುವುದು. ಉದಾಹರಣೆಗೆ ಹೊಸಬನನ್ನು, ಅವನು ಆಸೆಪಡಬಹುದಾದ ಆಯುಧ ಕೊಂಡಿರುವ ನುರಿತವನ ಜೊತೆ ಸೇರಿಸುವುದು. ಅದು ಬರೀ ಪ್ರಯೋಗ, ಯಾವ ಆಟದಲ್ಲೂ ಬಳಸಿಲ್ಲ ಅಂತ ಕಂಪನಿ ಆಗ ಹೇಳಿತು. ಇರಲಿ. ಕಣ್ಣು ಕಟ್ಟಿಸಿಕೊಂಡವನಿಗೆ ಮಾತ್ರ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಸೋಲಿಸಿದ್ದು ಸಮಬಲದವನೋ, ಬೇಕಂತಲೇ ತಂದು ನಿಲ್ಲಿಸಿದ ಬಲಶಾಲಿಯೋ?

ನನ್ನ ಅಭಿಪ್ರಾಯ ಕೇಳಿದರೆ, ಯುದ್ಧಕ್ಕೆ ಮುಂಚೆ ಕಣ್ಣು ಕಟ್ಟಲಿ. ಮುಗಿದ ಮೇಲೆ ಬಿಚ್ಚಬೇಕು. ಅವನ ಅಂಕ ಎಷ್ಟಿತ್ತು, ನನ್ನದೆಷ್ಟು, ಎಷ್ಟು ಹೊತ್ತು ಕಾದ ಮೇಲೆ ಬಲೆ ಎಷ್ಟು ಅಗಲವಾಯಿತು, ನನ್ನ ಗೆಲುವಿನ ಸಾಧ್ಯತೆ ಎಷ್ಟು ಅಂತ ಅಂದಾಜಿಸಿದ್ದರು, ಎಲ್ಲವನ್ನೂ ತೋರಿಸಲಿ. ಇದೇನು ಆಗದ ಮಾತಲ್ಲ. ‘ಸ್ಟಾರ್‌ಕ್ರಾಫ್ಟ್ 2’ 2010ರಲ್ಲಿ ಬಂದಾಗ ಆಟಗಾರರಿಗೆ ಕಂಚು, ಬೆಳ್ಳಿ, ಚಿನ್ನ ಅಂತ ಪದಕದ ದರ್ಜೆ ಕಾಣುತ್ತಿತ್ತು. ಜೋಡಿ ಕಟ್ಟಲು ಬಳಸುವ ನಿಜವಾದ ಸಂಖ್ಯೆ ಒಳಗೆ ಮುಚ್ಚಿಟ್ಟದ್ದು. 2016ರಲ್ಲಿ ಅದನ್ನು ಹೊರಗೆ ಹಾಕಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಚೆಸ್‌ನ ಲಿಚೆಸ್ ತಾಣವಂತೂ ತನ್ನ ಇಡೀ ಕೋಡನ್ನೇ ಎಲ್ಲರ ಮುಂದೆ ಇಟ್ಟಿದೆ. ಅಂಕದ ಜೊತೆ ಅನುಮಾನ ಎಷ್ಟಿದೆ ಅನ್ನೋದನ್ನೂ ಅಲ್ಲಿ ನೋಡಬಹುದು.

ಹಾಜರಾತಿಯ ಸಮಸ್ಯೆಗೆ ಹಳೆಯ ಮದ್ದೊಂದಿದೆ. 1895ರಲ್ಲಿ ಜ್ಯೂರಿಕ್‌ನ ಚೆಸ್ ಪಂದ್ಯಾವಳಿಯಲ್ಲಿ ಮೊದಲ ಸಲ ಬಳಸಿದ, ಈಗ ಸ್ವಿಸ್ ಪದ್ಧತಿ ಅಂತ ಕರೆಯುವ ಜೋಡಿ ಕಟ್ಟುವ ಕ್ರಮ. ಎಲ್ಲರಿಗೂ ಅಷ್ಟೇ ಸುತ್ತು. ಪ್ರತಿ ಸುತ್ತಿನಲ್ಲಿ, ಅಲ್ಲಿಯವರೆಗೆ ಒಂದೇ ಅಂಕ ಗಳಿಸಿದವರು ಎದುರಾಗುತ್ತಾರೆ. ಒಬ್ಬ ದಿನಕ್ಕೆ ಹತ್ತು ಪಂದ್ಯ ಆಡಿ ಮುಂದೆ ಹೋಗುವ ಹಾಗಿಲ್ಲ. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರು ಆಡುವ ಯುದ್ಧದಾಟಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ನೀವು ನಿಮ್ಮ ನಡೆ ನಡೆಸಿ ಸರ್ವರ್‌ಗೆ ಕಳಿಸಿ ಮಲಗಬಹುದು, ಎದುರಾಳಿ ತನ್ನ ಬೆಳಗಿನಲ್ಲಿ ಉತ್ತರ ಕೊಡುತ್ತಾನೆ. ಪಿಂಗ್ ಇಲ್ಲ, ಖಂಡದ ಗಡಿ ಇಲ್ಲ, ಆದ್ದರಿಂದ ಸಾಲು ಜಗತ್ತಿನಷ್ಟು ದೊಡ್ಡದು. ಎರಡು ಕಡೆಗೂ ಸಮನಲ್ಲದ ಚಾರಿತ್ರಿಕ ಯುದ್ಧವಾದರೆ ಅದೇ ಜೋಡಿ ಎರಡು ಆಟ ಆಡುತ್ತದೆ, ಕಡೆ ಅದಲುಬದಲು ಮಾಡಿಕೊಂಡು. ಗೆದ್ದೇ ಗೆಲ್ಲುವ ಸೈನ್ಯದಿಂದ ನೀವೆಷ್ಟು ದೊಡ್ಡದಾಗಿ ಗೆದ್ದಿರಿ, ಸೋತೇ ಸೋಲುವ ಸೈನ್ಯದಿಂದ ಎಷ್ಟು ಕಡಿಮೆ ಸೋತಿರಿ ಅನ್ನೋದು ಲೆಕ್ಕ. ವೇಗ ಬೇಕು ಅನ್ನುವವರಿಗೆ ಇದು ರುಚಿಸುವುದಿಲ್ಲ, ಒಂದು ದಂಡಯಾತ್ರೆಗೆ ತಿಂಗಳುಗಳೇ ಹಿಡಿಯುತ್ತವೆ. ರಾತ್ರಿ ಹನ್ನೊಂದರ ನನಗೆ ಮಾತ್ರ ಇದೇ ಸರಿ ಅನ್ನಿಸಿದೆ.

ಯುದ್ಧದಾಟದ ಮೂಲದಲ್ಲೇ ಕಣ್ಣು ಕಟ್ಟುವುದು ಇತ್ತು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆಯ ಆಟವನ್ನು ತಿದ್ದಿ ನಿಯಮಪುಸ್ತಕ ಹೊರತಂದ. ಅದಕ್ಕೆ ‘ಕ್ರೀಗ್‌ಸ್ಪೀಲ್’ ಅಂತ ಹೆಸರು, ಅರ್ಥ ಯುದ್ಧದಾಟ ಅಂತಲೇ. ಎರಡೂ ಕಡೆಯವರು ಆಜ್ಞೆ ಬರೆದುಕೊಡಬೇಕು, ನಡುವೆ ಒಬ್ಬ ತೀರ್ಪುಗಾರ. ಶತ್ರು ನಿಮ್ಮ ಸೈನಿಕರ ಕಣ್ಣಿಗೆ ಬಿದ್ದಾಗ ಮಾತ್ರ ಅವನು ಆ ತುಂಡುಗಳನ್ನು ನಕ್ಷೆಯ ಮೇಲೆ ಇಡುತ್ತಾನೆ. ಎಲ್ಲ ಗೊತ್ತಿರುವವನು ಅವನೊಬ್ಬನೇ. ಆದರೆ ಅವನು ಅದೇ ಕೋಣೆಯಲ್ಲಿ ಇರುತ್ತಿದ್ದ. ಆಟ ಮುಗಿದ ಮೇಲೆ ಯಾಕೆ ಹೀಗಾಯಿತು ಅಂತ ಅವನನ್ನು ಕೇಳಬಹುದಿತ್ತು.

ಆ ರಾತ್ರಿ ‘ಯಾಕೆ?’ ಅಂದವನಿಗೆ ನಾನು ಉತ್ತರ ಕೊಡಲಿಲ್ಲ. ಕೊಡುವಂಥದ್ದೂ ಇರಲಿಲ್ಲ. ಯುದ್ಧಕ್ಕೆ ಕೂರುವ ಮುಂಚೆ ಪರದೆಯ ಮೇಲೆ ಒಂದು ಸಾಲು ಬಂದಿದ್ದರೆ, ಈ ದಂಡನಾಯಕ ತನ್ನ ಯಜಮಾನನ ಜೊತೆ ಇಷ್ಟು ಯುದ್ಧ ಕಂಡಿದ್ದಾನೆ ಅಂತ ತೋರಿಸಿದ್ದರೆ, ಏನಾಗುತ್ತಿತ್ತು? ಹೇಳಿದ್ದರೂ ನುಗ್ಗುತ್ತಿದ್ದೆನೋ ಏನೋ. ಮೆಸ್‌ ಊಟದ ಹೊತ್ತಾಗಿತ್ತು, ಸೈನ್ಯ ನನ್ನದಾಗಿರಲಿಲ್ಲ.